ತಾಸಿನ ಗುಳಿಗೆ

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸರೆಲ್ಲ ತಾಸಿನ ಗುಳಿಗೆ ನುಂಗುತ್ತಿದ್ದರು. ಒಂದು ನುಂಗಿದರೆ ಒಂದು ತಾಸು ಗೊತ್ತೇ ಆಗದೆ ಕಳೆಯುತ್ತಿತ್ತು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಹೂಂಗುಟ್ಟುತ್ತಿತ್ತು. ನೀಲವ್ವ ಈಗೀಗ ಮನೆಯಲ್ಲೂ ನುಂಗುತ್ತಿದ್ದಳು.

ಇಂದು ಖಾನಾವಳಿಯಲ್ಲಿ ಗುಳಿಗೆಯ ತಾಸು ಮುಗಿದು ಎಚ್ಚರವಾದಾಗ ಬುಟ್ಟಿ ತುಂಬ ರೊಟ್ಟಿಯಿತ್ತು, ಅಂಗೈಯಲ್ಲಿ ಹೊಸ ಬೊಬ್ಬೆಯಿತ್ತು.

ಊಟ ಬಡಿಸುವ ಗಂಗವ್ವ ಹತ್ತಿರ ಬಂದಳು. "ನಿನ್ನ ಮಗಳು ಬಂದಿದ್ಲು. ನಿನ್ನ ಮುಂದ ಕುಂತು ಅತ್ತಳು. 'ಅವ್ವಾ, ನಾ ಮನಿ ಬಿಟ್ಟು ಹೋಗಲೇನು?' ಅಂತ ಮೂರು ಸಲ ಕೇಳಿದಳು. ಮೂರೂ ಸಲ ನೀ ಹೂಂ ಅಂದಿ."

"ಎಲ್ಲಿಗೆ ಹೋದ್ಲು?"

"ಆಕಿ ಹೇಳಲಿಲ್ಲ. ನೀನೂ ಕೇಳಲಿಲ್ಲ."

ನೀಲವ್ವ ಓಡಲೆಂದು ಎದ್ದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮೊದಲು ಈ ಹೆದರಿಕೆ ತಗ್ಗಲೆಂದು ಸೆರಗಿನ ಗಂಟು ಬಿಚ್ಚಿ ಒಂದು ಗುಳಿಗೆ ನುಂಗಿದಳು.

ಕೈ ತಾನಾಗಿ ಹಿಟ್ಟಿಗೆ ಹೋಯಿತು.