ಮೈಸೂರು ಇದ್ದಲ್ಲೆಲ್ಲ

ಚಂದಕವಾಡಿಯಲ್ಲಿ ಬಸ್ಸಿಳಿದು, ಮಲ್ಲಾಜಮ್ಮ ಮೇಡಂ ಮನೆ ಎಲ್ಲಿ ಎಂದು ಕೇಳಿಕೊಂಡು ಹೊರಟಳು ಶಿವರಂಜಿನಿ. ಚಾಮರಾಜನಗರದ ಕಂಪ್ಯೂಟರ್ ಸೆಂಟರಿಗೆ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಮೇಡಂಗೆ ಹೋಗಿರುವ ತಪ್ಪು ಗುರುತಿನ ಕಾರ್ಡು ಕೈಯಲ್ಲಿಲ್ಲದೆ ವಾಪಸು ಬರಬೇಡ ಎಂದಿದ್ದರು ಮಾಲೀಕರು.

ಆಗಿದ್ದಿಷ್ಟು. ಚಾಮರಾಜನಗರ ಆಗಷ್ಟೇ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ನಿವೃತ್ತ ಶಿಕ್ಷಕರ ಸಂಘದ ನಾನ್ನೂರು ಸದಸ್ಯರ ಗುರುತಿನ ಕಾರ್ಡುಗಳಲ್ಲಿ, ವಿಳಾಸದ 'ಮೈಸೂರು' ಹೋಗಿ 'ಚಾಮರಾಜನಗರ' ಬರಬೇಕಿತ್ತು. ಒಂದೊಂದೇ ತಿದ್ದುವ ಬದಲು ಶಿವರಂಜಿನಿ ಪ್ರೋಗ್ರಾಂ ಬರೆದಳು. ಇಂಗ್ಲಿಷಿನಲ್ಲಿ ಮೈಸೂರಿಗೆ ಆರಕ್ಷರ, ಚಾಮರಾಜನಗರಕ್ಕೆ ಹದಿನಾಲ್ಕು. ಮೊದಲ ಸಲ ಉದ್ದದ ಹೆಸರು ಪಕ್ಕದ ಪಿನ್‌ಕೋಡನ್ನೇ ನುಂಗಿಹಾಕಿತು. ಆಮೇಲೆ, ಸಾಲಿನ ಉಳಿದ ಅಕ್ಷರಗಳನ್ನು ಎಂಟು ಅಕ್ಷರದಷ್ಟು ಮುಂದಕ್ಕೆ ಸರಿಸಿ, ಜಾಗ ಮಾಡಿ, ಹೊಸ ಹೆಸರನ್ನು ಕೂರಿಸುವುದನ್ನು ಅದಕ್ಕೆ ಕಲಿಸಿದಳು. ರೆಪ್ಪೆ ಬಡಿಯುವುದರೊಳಗೆ ನಾನ್ನೂರೂ ಮುಗಿದವು. ಆ ಹಿಗ್ಗಿನಲ್ಲಿ, ಜಿಲ್ಲೆಯ ಹೆಸರನ್ನಷ್ಟೇ ತಿದ್ದು ಎಂದು ಹೇಳುವುದನ್ನು ಮರೆತಿದ್ದಳು. ಕಾರ್ಡಿನ ಹುಟ್ಟೂರಿನ ಸಾಲೂ ಬದಲಾಗಿ, ಮೈಸೂರಿನಲ್ಲಿ ಹುಟ್ಟಿದವರೆಲ್ಲ ಚಾಮರಾಜನಗರದಲ್ಲಿ ಹುಟ್ಟಿಬಿಟ್ಟರು! ಅಂಥ ಹನ್ನೊಂದು ಕಾರ್ಡುಗಳಲ್ಲಿ ಹತ್ತು ಸೆಂಟರಿನಲ್ಲೇ ಸಿಕ್ಕವು. ಮಲ್ಲಾಜಮ್ಮನವರದು ಅಂಚೆಗೆ ಹೋಗಿತ್ತು.

"ಮೊದ್ಲು ಮಜ್ಜಿಗೆ ಕುಡಿ ಕಣಮ್ಮಿ, ಬಿಸಿಲಲ್ಲಿ ಬಂದಿದ್ದೀಯ," ಎಂದರು ಮಲ್ಲಾಜಮ್ಮ.

ಶಿವರಂಜಿನಿ ಲೋಟ ಮುಟ್ಟಲಿಲ್ಲ. "ತಪ್ಪಾಗೋಯ್ತು ಮೇಡಂ. ನೀವು ಹುಟ್ಟಿದ ಊರನ್ನೇ ಅಳಿಸ್ಬುಟ್ಟೆ. ಸರಿಯಾದ ಕಾರ್ಡು ತಂದಿವ್ನಿ, ಆ ತಪ್ಪು ಕಾರ್ಡನ್ನ ಕೊಟ್ಬುಡಿ."

ಮಲ್ಲಾಜಮ್ಮ ಕನ್ನಡಕ ಏರಿಸಿ, ಎರಡು ಕಾರ್ಡನ್ನೂ ಅಕ್ಕಪಕ್ಕ ಹಿಡಿದು ಓದಿದರು. ತಪ್ಪು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡರು.

"ಹದಿನೇಳಕ್ಕೆ ಈ ಮನೆಗೆ ಸೊಸೆಯಾಗಿ ಬಂದೆ. ಮೂವತ್ತೈದು ವರ್ಸ ಈ ಊರ ಮಕ್ಕಳಿಗೇ ಪಾಠ ಹೇಳ್ದೆ. ಆದ್ರೂ ನಮ್ಮತ್ತೆ ಸಾಯಗಂಟ ಒಂದೇ ಮಾತು: 'ನೀನು ಮೈಸೂರೋಳು, ನಿಂಗೇನ್ ಗೊತ್ತು ನಮ್ ಸೀಮೆ?'"

"ಹಂಗಾರೆ... ಕಾರ್ಡು, ಮೇಡಂ?"

"ಸರಿಯಾದ್ದು ಸಂಘಕ್ಕೆ ಇರ್ಲಿ. ಇದು ಮನೇಗೆ ಬೇಕು. ನಿಮ್ ಮಾಲೀಕ್ರಿಗೆ ನಾನು ಚೀಟಿ ಬರ್ಕೊಡ್ತೀನಿ, ನೀನು ಎದ್ರಬೇಡ."

ಚೀಟಿ ಬರೆದು ಮುಗಿಸಿ ಅವರು ಗೋಡೆಯ ಬಳಿಗೆ ಕುರ್ಚಿ ಎಳೆದರು. ಶಿವರಂಜಿನಿ ಓಡಿಹೋಗಿ ಹಿಡಿದುಕೊಂಡಳು. ಮೇಲೆ ಹತ್ತಿದ ಮಲ್ಲಾಜಮ್ಮ ಅತ್ತೆಯ ಫೋಟೋದ ಚೌಕಟ್ಟಿಗೆ ಆ ಕಾರ್ಡನ್ನು ಸಿಕ್ಕಿಸಿದರು. ಸೆರಗಿನಿಂದ ಗಾಜಿನ ಧೂಳು ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ಕೇಳಿದರು:

"ಈಗೇನಂತೀರ, ಅತ್ತೆಮ್ಮ?"