ಕುದುರೆಯ ಅಳತೆ

ಇಂಜೆಕ್ಷನ್ ಕೊಟ್ಟು ವೀರೇಶ ಕೈ ಒರೆಸಿಕೊಳ್ಳುವಷ್ಟರಲ್ಲಿ ಹಸು ಮುಂಗಾಲು ಮಡಚಿ ಕುಸಿಯಿತು. ಚೆನ್ನೈನ ಕೀಲ್ಪಾಕ್‌ನ ಹೋಟೆಲಿನ ಹಿಂದಿನ ಕೊಟ್ಟಿಗೆ. ಮುಳ್ಳುತಂತಿಗೆ ಸಿಕ್ಕಿ ಹರಿದ ಕೆಚ್ಚಲಿಗೆ ಹೊಲಿಗೆ ಹಾಕಬೇಕೆಂದು ಕೊಟ್ಟ ಮಂಪರಿನ ಮದ್ದು ಅದು. ಅಲ್ಲಿಯವರೆಗೆ ಯಾರನ್ನೂ ಹತ್ತಿರ ಬಿಡದೆ ಒದೆಯುತ್ತಿದ್ದ ಹಸು ತೆಪ್ಪಗಾದದ್ದನ್ನು ಕಂಡು ಹೋಟೆಲಿನ ಯಜಮಾನ ಸುಬ್ರಾಯರಿಗೆ ಹೋದ ಜೀವ ಬಂದಂತಾಯಿತು.

"ಎಂಥ ಕೈಗುಣ ಮಾರಾಯ್ರೇ ನಿಮ್ಮದು!"

ವೀರೇಶ ಖಾಲಿ ಸಿರಿಂಜನ್ನು ಬೆಳಕಿಗೆ ಹಿಡಿದು ಅಳತೆಯ ಗೆರೆ ನೋಡಿದ. ಅವನು ರೇಸ್ ಕುದುರೆಗಳ ಡಾಕ್ಟರು. ಹಸುವನ್ನು ನೋಡುವ ಡಾಕ್ಟರು ಊರಲ್ಲಿಲ್ಲವೆಂದು, ದಿನವೂ ಕಾಫಿಗೆ ಬರುವ ಇವನನ್ನೇ ಕರೆದಿದ್ದರು. ಈ ಮದ್ದು ಕೊಟ್ಟರೆ ಕುದುರೆ ತಲೆ ಜೋತುಬಿಟ್ಟು ನಿಂತಲ್ಲೇ ತೂಕಡಿಸುತ್ತದೆ. ಹಸುವಿಗೋ, ಅದರ ಹತ್ತರಲ್ಲಿ ಒಂದು ಪಾಲು ಸಾಕು. ಓದಿದ್ದೇನೋ ತಲೆಯಲ್ಲಿತ್ತು. ಆದರೆ ಸಿರಿಂಜು ತುಂಬಿದ್ದು ತಲೆಯಲ್ಲ, ವರ್ಷಗಟ್ಟಲೆ ಕುದುರೆಗಳಿಗೇ ತುಂಬಿ ರೂಢಿಯಾದ ಕೈ.

ಮಂಪರು ಇಳಿಸುವ ಮದ್ದು ಕೊಟ್ಟ. ಹಸುವಿನ ತಲೆ ಎತ್ತಿ ಹಿಡಿದ, ಪಕ್ಕೆ ತಿಕ್ಕಿದ. ಹೊಟ್ಟೆ ಉಬ್ಬುತ್ತಲೇ ಹೋಯಿತು. ಬಾಯಿಂದ ಮೇವಿನ ಜೊತೆ ಇಡ್ಲಿಯ ಚೂರು ಹೊರಬಂತು. ಉಸಿರು ವಿರಳವಾಗುತ್ತಾ ಬಂದು, ಕೊನೆಗೆ ನಿಂತೇ ಹೋಯಿತು.

"ಇಡ್ಲಿ!" ಸುಬ್ರಾಯರು ಹೆಂಡತಿಯತ್ತ ತಿರುಗಿದರು. "ಏನೂ ಕೊಡ್ಬಾರ್ದು ಅಂತ ಡಾಕ್ಟ್ರು ಫೋನಲ್ಲೇ ಹೇಳಿರ್ಲಿಲ್ವಾ?"

ಗುಣವತಿಯವರ ಮುಖ ಬಿಳಚಿಕೊಂಡಿತು. "ಅದಕ್ಕೊಂದು ತುತ್ತು ಕೊಡದೆ ಗಿರಾಕಿಗಳಿಗೆ ಬಡಿಸಿದ ದಿನ ಉಂಟಾ ನಮ್ಮಲ್ಲಿ? ಪಾವಂ, ಪಾಪದ್ದು, ನೋವಲ್ಲಿ ಬೇರೆ ಇತ್ತು... ಅಯ್ಯೋ, ನಾನೇ ಕೊಂದೆ."

"ಹೌದಾ ಡಾಕ್ಟ್ರೇ? ಅದ್ರಿಂದ್ಲೇ ಆದದ್ದಾ?" ಸುಬ್ರಾಯರು ಕೇಳಿದರು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಳೆಯೂ ಇದೇ ಹೋಟೆಲು, ಇದೇ ಮರ್ಯಾದೆ. ಅನುಮಾನಿಸುವವರು ಯಾರೂ ಇರಲಿಲ್ಲ, ಹಸುವಂತೂ ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ವೀರೇಶನಿಗೆ ಭಯವಾಯಿತು. ಹೂಂ ಎನ್ನಲು ನಾಲಗೆ ತುದಿಗಾಲಲ್ಲಿ ನಿಂತಿದೆಯಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಗುಣವತಿ ಹಸುವಿನ ಕತ್ತಿಗೆ ಹಣೆ ಒತ್ತಿ "ತಪ್ಪಾಯ್ತು, ತಪ್ಪಾಯ್ತು" ಎನ್ನುತ್ತಲೇ ಇದ್ದರು.

"ಅಲ್ಲಮ್ಮಾ," ಎಂದ. "ನಿಮ್ಮ ಇಡ್ಲಿಯಿಂದ ಅಲ್ಲ. ಕುದುರೆಗೆ ಕೊಡೋ ಅಷ್ಟು ಮದ್ದು ಇದಕ್ಕೆ ಕೊಟ್ಬಿಟ್ಟೆ. ಹಸುವಿನ ಪ್ರಾಣ ಹೋಗಿದ್ದು ನನ್ನಿಂದ."

ಗುಣವತಿ ನಿಧಾನವಾಗಿ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ನೇರವಾಗಿ ನೋಡಿದರು.

"ಹೇಳಿದ್ದು ದೊಡ್ಡ ಉಪಕಾರ ಆಯ್ತು ಡಾಕ್ಟ್ರೇ. ಇಲ್ಲದಿದ್ರೆ ಸಾಯುವ ತನಕ ನಾನು ನನ್ನ ಕೈಯನ್ನೇ ನೋಡಿಕೊಂಡು ಅಳ್ತಿದ್ದೆ," ಎಂದರು. "ಇನ್ನು ನಮ್ಮ ಹೋಟೆಲಿಗೆ ಬರ್ಬೇಡಿ."