ಅಜ್ಜಿ ಬಿಟ್ಟುಹೋದ ನೆರಿಗೆ

ಡಾಲಸ್ ಬಳಿಯ ಮರ್ಫಿಯಲ್ಲಿ ಮೋಹನರಾಜರ ಮನೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಆಡಳಿತ ಬದಲಾಯಿತು. ಇನ್ನು ಮುಂದೆ ಊಟದ ಮೇಜನ್ನು ಊಟಕ್ಕೆ ಬಳಸಕೂಡದು, ಅದರ ಹತ್ತಿರ ಯಾರೂ ಸಾರಿನ ಬಟ್ಟಲು ಹಿಡಿದು ಸುಳಿಯಕೂಡದು ಎಂದು ಅವರ ಹೆಂಡತಿ ಇಂದುಮತಿ ಅಪ್ಪಣೆ ಹೊರಡಿಸಿದರು. ಮೋಹನರಾಜರು ತಟ್ಟೆ ಎತ್ತಿಕೊಂಡು ಸೋಫಾಕ್ಕೆ ವಲಸೆ ಹೋದರು.

ಮೇಜಿನ ಮೇಲೆ ಅರ್ಧ ಹೊಲಿದ ಕಿಲ್ಟ್ ಮಲಗಿತ್ತು. ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಹಸಿರು-ನೀಲಿ ಚೌಕಳಿಯ ಉಣ್ಣೆಯ ನೆರಿಗೆಬಟ್ಟೆ. ಮಗಳು ಹರ್ಷಿಣಿಯನ್ನು ಬರುವ ತಿಂಗಳು ಮದುವೆಯಾಗಲಿದ್ದ ಇಯನ್‌ಗೆಂದು ಅವನ ಅಜ್ಜಿ ಮೋರಾಗ್ ಕೈಯಲ್ಲೇ ಹೊಲಿಯುತ್ತಿದ್ದರು. ಮುಗಿಸುವ ಮೊದಲೇ ತೀರಿಕೊಂಡರು. ಕೆಲಸ ಎಲ್ಲಿಯವರೆಗೆ ಬಂದಿತ್ತೆಂದು ಪೇರ್‌ಲ್ಯಾಂಡ್ ಊರಿನಲ್ಲಿದ್ದ ಅವರ ಗಂಡ, ಇಯನ್‌ನ ಅಜ್ಜನಿಗೂ ತಿಳಿಯದು. ಹೊಲಿಗೆಯಿದ್ದ ಡಬ್ಬ ತೆರೆಯಲು ಅವರಿಗೆ ಮನಸ್ಸಾಗದೆ ಹಾಗೇ ಮೊಮ್ಮಗನಿಗೆ ಕೊಟ್ಟಿದ್ದರು.

"ಟೇಲರ್ ಎಲ್ಲಾ ಬಿಚ್ಚಿ ಮೆಷಿನ್‌ನಲ್ಲಿ ಹೊಲೀತೀನಿ ಅಂದ್ರು ಅಮ್ಮ," ಎಂದಿದ್ದಳು ಹರ್ಷಿಣಿ. "ಇಯನ್ ಬೇಡ ಅಂದ. ಅಜ್ಜಿ ಕೈಕೆಲಸ ಹಾಗೇ ಉಳಿದ್ರೆ ಮದುವೇಲಿ ಹಾಕ್ಕೋತಾನಂತೆ. ಇಲ್ದಿದ್ರೆ ಸೂಟ್."

"ಲಂಗದ ನೆರಿಗೆ ತಾನೆ? ಎರಡು ದಿನದ ಕೆಲಸ," ಎಂದಿದ್ದರು ಇಂದುಮತಿ. ಡಾಲಸ್ ಸುತ್ತಲಿನ ಕನ್ನಡ ಹೆಂಗಸರ ಬ್ಲೌಸುಗಳಲ್ಲಿ ಅರ್ಧದಷ್ಟು ಅವರ ಕೈಯಿಂದ ಹೊರಟವು. ಯಾವುದು ತಮ್ಮದೆಂದು ಸಮಾರಂಭಗಳಲ್ಲಿ ಕೇಳದವರಿಗೂ ಅವರು ತಿಳಿಸುತ್ತಿದ್ದರು.

ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೋರಾಗ್ ಮಡಿಸಿದ ಕಡೆಯೆಲ್ಲ ಚೌಕಳಿ ಎಲ್ಲೂ ಮುರಿಯದೆ, ಮಡಿಸದ ಬಟ್ಟೆಯಲ್ಲಿ ಹೇಗಿತ್ತೋ ಹಾಗೇ ಮುಂದುವರಿದಿತ್ತು. ಹೊಲಿಗೆ ಎಲ್ಲಿದೆ ಎಂದು ಕಾಣಲು ಬಟ್ಟೆಯನ್ನು ತಿರುಗಿಸಬೇಕಾಯಿತು. ಒಳಗೆ ಸಾಸಿವೆಯಷ್ಟು ಸಣ್ಣ ಹೊಲಿಗೆಗಳು ಒಂದೇ ಕಡೆಗೆ ವಾಲಿ ಸಾಲಾಗಿ ಇಳಿದಿದ್ದವು.

"ಇದು ಮನುಷ್ಯರ ಕೈಯಲ್ಲ ರೀ," ಎಂದರು ಮೆಲ್ಲಗೆ.

ಹೆಂಡತಿ ಬೇರೊಬ್ಬರ ಹೊಲಿಗೆಯನ್ನು ಹೊಗಳಿದ್ದನ್ನು ಮೋಹನರಾಜರು ಇಷ್ಟು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಅವರು ತಟ್ಟೆ ಕೆಳಗಿಟ್ಟರು.

ಸೀರೆಗೆ ಫಾಲ್ ಹಾಕುವಾಗಿನಂತೆ ಸೂಜಿಗೆ ಒಂದೊಂದೇ ಎಳೆ ಎತ್ತಿ ಇಂದುಮತಿ ಮೂರು ನೆರಿಗೆ ಹೊಲಿದರು. ಚೌಕಳಿ ಕೂಡಿತು. ಆದರೂ ಹೊಸ ನೆರಿಗೆ ಹಳೆಯದರ ಪಕ್ಕದಲ್ಲಿ ಮುನಿಸಿಕೊಂಡ ಓರಗಿತ್ತಿಯಂತೆ ತುಸು ಆಚೆಗೆ ಎಳೆಯುತ್ತಿತ್ತು.

"ಚೆನ್ನಾಗೇ ಇದೆಯಲ್ಲ ಇಂದು," ಎಂದರು ಮೋಹನರಾಜರು ಕನ್ನಡಕ ಏರಿಸಿ.

"ಚೆನ್ನಾಗಿದೆ. ಅವರದಲ್ಲ." ಇಂದುಮತಿ ಬಟ್ಟೆ ತಿರುಗಿಸಿ ತೋರಿಸಿದರು. "ನಂದು ಈ ಕಡೆ ವಾಲಿದೆ, ಅವರದು ಆ ಕಡೆ. ಆ ಅಜ್ಜಿ ಎಡಗೈಯವರು ಕಣ್ರೀ."

"ಅದಕ್ಕೇನು ಮಾಡೋಕಾಗತ್ತೆ?"

ಇಂದುಮತಿ ಮೂರನ್ನೂ ಬಿಚ್ಚಿದರು. ಎಡಗೈ ಚಾಚಿ ಪ್ರಸಾದ ತೆಗೆದುಕೊಂಡವರನ್ನು ದೇವಸ್ಥಾನದಲ್ಲೇ ಗದರಿಸಿದ ಹೆಂಗಸು, ಸೂಜಿಯನ್ನು ಎಡಗೈಗೆ ದಾಟಿಸಿದರು. ಮೊದಲು ಗಂಡನ ಕರವಸ್ತ್ರಗಳ ಮೇಲೆ ಅಭ್ಯಾಸ ನಡೆಯಿತು. ಅವು ಮೂಗು ಒರೆಸಲು ಬಾರದಂತಾದವು. ಆಮೇಲೆ ಉಣ್ಣೆ. ಹಟಮಾರಿ ಎಡಗೈ ಗುರಿ ತಪ್ಪಿ, ಬಟ್ಟೆ ಹಿಡಿದ ಬಲಗೈ ಬೆರಳುಗಳಿಗೆಲ್ಲ ಬ್ಯಾಂಡೇಜ್ ಬಂತು. ಮೋಹನರಾಜರು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. "ಎರಡು ದಿನ ಅಂದಿದ್ದೆ," ಎಂದು ಒಮ್ಮೆ ಅಂದರು. ಮತ್ತೆ ಅನ್ನಲಿಲ್ಲ.

ಮದುವೆ ಲಿಯಾಂಡರ್ ಎಂಬ ಊರಿನಲ್ಲಿ. ಆ ಬೆಳಿಗ್ಗೆ ಕಿಲ್ಟ್ ಉಟ್ಟು ಬಂದ ಮೊಮ್ಮಗನನ್ನು ಅಜ್ಜ ಕೈಸನ್ನೆ ಮಾಡಿ ಹತ್ತಿರ ಕರೆದರು, ಬೆನ್ನು ತಿರುಗಿಸಿ ನಿಲ್ಲಿಸಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೆರಿಗೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಅದು ಎಲ್ಲೂ ತಡೆಯಲಿಲ್ಲ. ಸೊಂಟಪಟ್ಟಿ ಸಡಿಲಿಸಿ ಒಳಗನ್ನೂ ನೋಡಿದರು. ಇಂದುಮತಿ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಎಡಗೈ ಹೊಲಿಗೆ. ಕೊನೆಯವರೆಗೂ," ಎಂದರು ಅಜ್ಜ ತಮ್ಮ ಇಂಗ್ಲಿಷಿನಲ್ಲಿ, ಯಾರಿಗೆಂದಿಲ್ಲದೆ. "ಮುಗಿಸಿಯೇ ಹೋಗಿದ್ದಾಳೆ. ನನಗೆ ಒಂದು ಮಾತು ಹೇಳಲಿಲ್ಲ ನೋಡಿ."

ಹರ್ಷಿಣಿ ಬಾಯಿ ತೆರೆದಳು. ತಾಯಿ ತನ್ನತ್ತ ನೋಡಿದ ರೀತಿಗೆ ಮುಚ್ಚಿದಳು.

"ಹೌದು, ಮುಗಿಸಿದ್ದಾರೆ," ಎಂದರು ಇಂದುಮತಿ. ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ಸೆರಗಿನೊಳಗೆ ಸರಿಸಿ, ಬೀಗರ ಮನೆಯ ಹಿರಿಯರಿಗೆ ಎಡಗೈಯಲ್ಲೇ ಕಾಫಿ ಕೊಟ್ಟರು.